ಪಕ್ಕದ ಬಾಗಿಲು

ನನ್ನನ್ನು ಎತ್ತಲು ಬರುವ ಕೈಗಳನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ. ಹೀಗೆಂದರೆ ನಮ್ಮ ದ್ವೀಪದೂರು ವೈಮೊಸೋಯಿಯ ಜನ ಮೂಗಿನ ಮೇಲೆ ಬೆರಳಿಡುತ್ತಾರೆ. ಇಡಲಿ. ಭಾನುವಾರ ಬಂತೆಂದರೆ ನಾಲ್ಕು ಜನ ಗಂಡಸರು ಬಂದು, ಒಬ್ಬ ಕಂಕುಳಿಗೆ ಕೈ ಹಾಕಿ, ಒಬ್ಬ ತೊಡೆಯ ಕೆಳಗೆ ಹಾಕಿ, ಮಿಕ್ಕವರು ಗಾಲಿಕುರ್ಚಿಯ ಕಂಬಿ ಎಂದುಕೊಂಡು ಎಲ್ಲೆಲ್ಲೋ ಹಿಡಿದು ಅವರನ್ನೂ ಚರ್ಚಿನ ಮೆಟ್ಟಿಲು ಹತ್ತಿಸಲಿ. ಆಮೇಲೆ ನನ್ನ ಹತ್ತಿರ ಮಾತಾಡಲಿ.

ನನ್ನ ಹೆಸರು ಎಸೆಟಾ. ಈ ಊರಿನ ಶಾಲೆಯಲ್ಲಿ ಪಾಠ ಹೇಳಿ ಹೇಳಿಯೇ ಮುದುಕಿಯಾದವಳು. ಚರ್ಚಿನ ಕ್ವಾಯರ್ ನನ್ನದು. ನನ್ನದು ಎಂದರೆ, ಅಲ್ಲಿ ನಿಂತು ಹಾಡುವ ಒಬ್ಬೊಬ್ಬರ ಗಂಟಲನ್ನೂ ಅವರು ಚಡ್ಡಿ ಹಾಕುವ ಕಾಲದಿಂದ ತಿದ್ದಿದವಳು ನಾನು. ನನ್ನ ಬಲಗಾಲನ್ನು ಸಕ್ಕರೆ ಕಾಯಿಲೆ ತಿಂದಿತು. ಮಂಡಿಯಿಂದ ಮೇಲಕ್ಕೇ ಕತ್ತರಿಸಿದರು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಕೊಬ್ಬು ತೊಟ್ಟಿಕ್ಕುವ ಕುರಿಮಾಂಸವನ್ನು ತಟ್ಟೆ ತುಂಬ ಹಾಕಿಸಿಕೊಂಡು ಬೆರಳು ನೆಕ್ಕಿದವಳು ನಾನೇ. ನನಗೆ ಪಿತ್ತ ನೆತ್ತಿಗೇರುವುದು ಆ ಮೆಟ್ಟಿಲುಗಳನ್ನು ನೋಡಿದಾಗ.

ಪಕ್ಕದೂರಿನವರು ಎತ್ತರದ ಚರ್ಚ್ ಕಟ್ಟಿದರು. ನಮ್ಮವರು ಸುಮ್ಮನಿರುತ್ತಾರೆಯೇ? ಅದಕ್ಕಿಂತ ಎತ್ತರದ ಜಗಲಿ ಎಬ್ಬಿಸಿ, ಅದರ ಮೇಲೆ ಚರ್ಚ್ ನಿಲ್ಲಿಸಿ, ಸಮುದ್ರದ ಕಡೆಗೆ ಮುಖ ಮಾಡಿ ಮೆಟ್ಟಿಲ ಸಾಲು ಇಳಿಸಿದರು. ದೋಣಿಯಲ್ಲಿ ಹೋಗುವವರಿಗೂ ಕಾಣಬೇಕಂತೆ. ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ನಮ್ಮ ಬೀದಿಯ ವಿಲಿಯಾಮುವಿಗೆ ಎರಡೂ ಕಾಲಿಲ್ಲ. ಅವನೂ ತನ್ನ ಮನೆಯ ಚಾಪೆಯ ಮೇಲೆ ಕೂತು ಅದನ್ನು ನೋಡಿಕೊಂಡೇ ಇದ್ದಾನೆ.

ನನ್ನನ್ನು ಎತ್ತುವವರ ಮುಂದಾಳು ನನ್ನ ಅಣ್ಣನ ಮಗ ಫಿಲಿಪೋ. ಒಳ್ಳೆಯ ಹುಡುಗ, ಎಮ್ಮೆಯಂಥ ಮೈಕಟ್ಟು, ಬಾಯಿಗೆ ಮಾತ್ರ ಬಾಗಿಲಿಲ್ಲ.

"ಅತ್ತೆ, ಸುಮ್ನೆ ಕೂತ್ಕೊಳಿ. ನೀವೇನು ಭಾರಾನಾ? ಉಮು ಒಲೆಗೆ ಹಾಕೋ ಹಂದಿ ನಿಮಗಿಂತ ಭಾರ ಇರುತ್ತೆ!"

ಮಿಕ್ಕ ಮೂವರೂ ಹೋ ಎಂದು ನಗುತ್ತಾರೆ. ಅವರ ಬೆವರು ನನ್ನ ಬಿಳಿ ಪುಲೆತಾಸಿಗೆ, ಆ ಅಂಗಿ ಲುಂಗಿಯ ಜೋಡಿಗೆ, ಹತ್ತುತ್ತದೆ. ಒಬ್ಬನಿಗೆ ಹಿಂದಿನ ರಾತ್ರಿಯ ಬಿಯರ್ ವಾಸನೆ. ಒಬ್ಬ ಭಾರ ಎತ್ತುವ ಹೊತ್ತಿಗೆ ಸರಿಯಾಗಿ ಗಾಳಿ ಬಿಡುತ್ತಾನೆ, ಅದಕ್ಕೂ ನಗು. ನಾನು ಮೇಲೆ ದೇವರ ಹಾಡಿನ ಪುಸ್ತಕ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ಕೂತಿರುತ್ತೇನೆ.

ಒಂದು ಭಾನುವಾರ ಇಳಿಸುವಾಗ ಒಬ್ಬನ ಕಾಲು ಜಾರಿತು. ಕುರ್ಚಿ ವಾಲಿತು, ನಾನು ಬೀಳಲಿಲ್ಲ. ಆದರೆ ಪುಲೆತಾಸಿಯ ಕೆಳಗಿನ ಬಟ್ಟೆ ಅವನ ಕಾಲಿಗೆ ಸಿಕ್ಕಿ ಬಿಚ್ಚಿಕೊಂಡಿತು. ಕತ್ತರಿಸಿದ ನನ್ನ ತೊಡೆ, ಆ ಹೊಲಿಗೆ, ಒಳಬಟ್ಟೆ, ಎಲ್ಲ ಇಡೀ ಊರಿನ ಕಣ್ಣೆದುರಿಗೆ. ಊಟಕ್ಕೆ ಹೊರಟಿದ್ದ ಜನ ನಿಂತು ನೋಡಿದರು. ಯಾರೋ ಕಿಸಕ್ಕೆಂದರು. ಹಿಡಿದಿದ್ದವರ ಕೈ ತುಂಬಿದ್ದರಿಂದ ಬಟ್ಟೆ ಸರಿಮಾಡಲು ಯಾರಿಗೂ ಆಗಲಿಲ್ಲ. ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ನಾನು ಹಾಗೇ ಇದ್ದೆ. ಥೂ! ಈಗಲೂ ನೆನೆದರೆ ಮೈಯೆಲ್ಲ ಉಜ್ಜಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಅಂದೇ ಹೇಳಿಬಿಟ್ಟೆ. ಇನ್ನು ನನ್ನ ಮೈಗೆ ಯಾರೂ ಕೈ ಹಾಕಕೂಡದು. ಕುರ್ಚಿ ಹತ್ತುವಂತೆ ಒಂದು ರ‍್ಯಾಂಪ್ ಹಾಕಿ, ನಾನೇ ಬರುತ್ತೇನೆ.

ಹಿರಿಯರ ಸಭೆಯ ಮನೆಗೆ ಹೋದೆ. ಗೋಡೆಯಿಲ್ಲದ ಮನೆ, ಕಂಬಕ್ಕೊಬ್ಬ ಯಜಮಾನ ಚಾಪೆಯ ಮೇಲೆ ಕೂತಿದ್ದ. ನಾನು ಒಳಗೆ ಬರುವಂತಿಲ್ಲವಂತೆ. ಕುರ್ಚಿಯಲ್ಲಿ ಕೂತರೆ ನನ್ನ ತಲೆ ಅವರ ತಲೆಗಿಂತ ಮೇಲಾಗುತ್ತದೆ, ಅದು ಅಗೌರವ. ಹೊರಗೆ ಬಿಸಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ದೊಡ್ಡ ಯಜಮಾನ ಮಾಲೋಟಾ ಬೀಸಣಿಗೆ ಬೀಸಿಕೊಳ್ಳುತ್ತ ಕೇಳಿದ:

"ಏನಮ್ಮ ಎಸೆಟಾ, ನಮ್ಮೂರಲ್ಲಿ ಗಂಡು ಮಕ್ಕಳಿಲ್ವಾ?"

"ಇದ್ದಾರೆ ಯಜಮಾನ್ರೆ."

"ಅವರ ತೋಳಲ್ಲಿ ಕಸುವಿಲ್ವಾ?"

"ಅದೂ ಇದೆ."

"ಮತ್ತಿನ್ನೇನು? ಹಿರಿಯರನ್ನ ಹೊರೋದು ಅವರ ಸೇವೆ. ಸಿಮೆಂಟ್ ಸುರಿದು ಅವರ ಸೇವೆ ಕಿತ್ಕೊಳ್ಳೋದಾ? ನಾಳೆ ಪಕ್ಕದೂರಿನವರು ನೋಡಿ, ಇವರ ಮುದುಕೀರನ್ನ ಎತ್ತೋಕೆ ಗತಿಯಿಲ್ಲ ಅಂತ ಆಡ್ಕೊಳ್ಳಲ್ವಾ?"

"ಎತ್ತಿಸ್ಕೊಳ್ಳೋಳು ನಾನು. ನನಗೆ ಹೆಂಗಾಗುತ್ತೆ ಅಂತ ಕೇಳಿ."

"ಕೇಳಿದ್ನಲ್ಲಮ್ಮ. ಆಯ್ತು, ಬಿಸಿಲು ಜಾಸ್ತಿ, ಹೋಗ್ಬಾ."

ಬೀಸಣಿಗೆ ನಿಲ್ಲಲೇ ಇಲ್ಲ. ಮಿಕ್ಕವರೆಲ್ಲ ಅವನ ಕಡೆ ನೋಡಿ ತಲೆಯಾಡಿಸಿದರು. ನಾನು ಕುರ್ಚಿ ತಿರುಗಿಸಿ ಮನೆಗೆ ಬಂದೆ.

ಅಲ್ಲಿಂದ ನಾನು ಚರ್ಚಿನ ಒಳಗೆ ಹೋಗಲಿಲ್ಲ. ಭಾನುವಾರ ಮೆಟ್ಟಿಲ ಬುಡದಲ್ಲಿ ಕೊಡೆ ಹಿಡಿದು ಕೂರುತ್ತಿದ್ದೆ. ಒಳಗೆ ನನ್ನ ಜಾಗದಲ್ಲಿ ಪಾದ್ರಿಯ ಹೆಂಡತಿ, ಪಾದ್ರಿಯಮ್ಮ, ನಿಂತು ಕೈ ಆಡಿಸುತ್ತಿದ್ದಳು. ಅವಳಿಗೆ ರಾಗ ಎತ್ತಲು ಬರುವುದಿಲ್ಲ. ಎಲ್ಲವನ್ನೂ ತಾರಕಕ್ಕೆ ಎಳೆದು, ಹುಡುಗಿಯರ ಗಂಟಲು ಹರಿಯುವಂತೆ ಮಾಡುತ್ತಿದ್ದಳು. ಒಂದು ದಿನ ಪಾದ್ರಿ ಕೆಳಗಿಳಿದು ಬಂದು, ಕೈ ಹೊಸೆಯುತ್ತ, ಮೆತ್ತಗೆ ಹೇಳಿದರು:

"ಎಸೆಟಕ್ಕ, ಮುಂದಿನ ತಿಂಗಳು ತಾಯಂದಿರ ಭಾನುವಾರ. ಅವತ್ತು ನೀವು ಒಳಗೆ ಬಂದು ಕ್ವಾಯರ್ ನಡೆಸಿದ್ರೆ ಸರಿ. ಇಲ್ಲಾಂದ್ರೆ ನಮ್ಮ ಮನೆಯವರೇ ಖಾಯಂ ಅಂತ ಹೆಂಗಸರ ಸಂಘದಲ್ಲಿ ತೀರ್ಮಾನ ಆಗಿದೆ. ನನ್ನ ಕೈಲೇನಿಲ್ಲ, ಬೇಜಾರು ಮಾಡ್ಕೋಬೇಡಿ."

ಹೆಂಡತಿಯೇ ಸಂಘದ ಅಧ್ಯಕ್ಷೆ, ಇವರ ಕೈಲೇನಿಲ್ಲವಂತೆ! ನನಗೆ ನಿದ್ದೆ ಬರಲಿಲ್ಲ. ಕಾಲು ಹೋದಾಗ ನಾನು ಅತ್ತಿದ್ದು ಒಂದೇ ದಿನ. ಕ್ವಾಯರ್ ಹೋದರೆ ನನಗೆ ಆಮೇಲೆ ಏನಿದೆ? ಮನೆ ಇದೆ, ರೇಡಿಯೋ ಇದೆ, ವಿಲಿಯಾಮುವಿನ ಹಾಗೆ ಚಾಪೆ ಇದೆ. ಹಾಗಂತ ಆ ಕೈಗಳಿಗೆ ಮತ್ತೆ ಮೈ ಕೊಡುವುದೇ? ಅದಕ್ಕಿಂತ ಸಾಯುವುದೇ ಮೇಲು ಅನ್ನಿಸಿತು.

ಸತ್ತದ್ದು ಮಾತ್ರ ಮಾಲೋಟಾ. ಆಕ್ಲೆಂಡಿನ ಮಗನ ಮನೆಗೆ ಹೋದವನು ಅಲ್ಲೇ ಎದೆನೋವಿನಿಂದ ತೀರಿಕೊಂಡ. ಅಲ್ಲಿನ ಮಕ್ಕಳು ತಂದೆಗೆ ಕಮ್ಮಿ ಮಾಡುತ್ತಾರೆಯೇ? ಹಿತ್ತಾಳೆಯ ಹಿಡಿಗಳ, ಕನ್ನಡಿಯಂತೆ ಹೊಳೆಯುವ ಮರದ ದೊಡ್ಡ ಪೆಟ್ಟಿಗೆ. ಯಜಮಾನನೂ ದಪ್ಪ, ಪೆಟ್ಟಿಗೆಯೂ ದಪ್ಪ. ಮಣ್ಣು ಮಾಡುವ ದಿನ ಬೆಳಿಗ್ಗೆಯಿಂದ ಮಳೆ ಹಿಡಿದಿತ್ತು. ಊರಿನ ಕಸುವಿರುವ ತೋಳುಗಳೆಲ್ಲ ಹೆಗಲು ಕೊಟ್ಟು ಮೆಟ್ಟಿಲು ಹತ್ತಿದವು. ನಾನು ಎಂದಿನಂತೆ ಕೆಳಗೆ ಕೊಡೆಯಡಿ ಕೂತಿದ್ದೆ.

"ಹಿಡಿ, ಹಿಡಿಯೋ! ಬಲಗಡೆ ಹಿಡ್ಕೊಳ್ರೋ!" ಎಂದು ಫಿಲಿಪೋ ಕೂಗಿದ್ದು ಕೇಳಿಸಿತು.

ಇನ್ನೇನು ಬಾಗಿಲು ಸಿಗಬೇಕು, ಪೆಟ್ಟಿಗೆ ಕೈತಪ್ಪಿತು. ಧಡ್, ಧಡ್, ಧಡ್ ಎಂದು ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ, ಗೌರವಕ್ಕೆಂದು ಮೇಲೆ ಹೊದಿಸಿದ್ದ ನುಣುಪು ಚಾಪೆಗಳನ್ನು ಕೆಸರಿಗೆ ಚೆಲ್ಲುತ್ತ, ದೊಡ್ಡ ಯಜಮಾನ ಕೆಳಗಿಳಿದು ಬಂದು ನನ್ನ ಕುರ್ಚಿಯಿಂದ ಮಾರು ದೂರದಲ್ಲಿ ದಾಸವಾಳದ ಬೇಲಿಗೆ ಒರಗಿ ನಿಂತ. ಮುಚ್ಚಳದ ಒಂದು ಮೂಲೆ ಬಿರಿದಿತ್ತು. ಒಳಗಿನಿಂದ ಔಷಧಿಯ ವಾಸನೆ ಬಂತು. ಅವನ ಹೆಂಡತಿ ಲೂಸಿಯಾ ಮೆಟ್ಟಿಲ ಮೇಲೆ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು.

ಊರಿಗೆ ಊರೇ ಅವಮಾನದಿಂದ ಕುಗ್ಗಿಹೋಯಿತು. ಮಣ್ಣು ಮುಗಿಸಿ ಬಂದು ಊಟಕ್ಕೂ ಮೊದಲು ಸಭೆ ಸೇರಿ ತೀರ್ಮಾನ ಮಾಡಿದರು: ಚರ್ಚಿಗೆ ರ‍್ಯಾಂಪ್ ಹಾಕಬೇಕು. ಪಕ್ಕದ ಗೋಡೆ ಒಡೆದು ಬಾಗಿಲಿಟ್ಟು, ಅಲ್ಲಿಗೆ ಏರುವಂತೆ ಮಾಡಬೇಕು. ಮುಂದೆ ಯಾವ ಹಿರಿಯನ ಹೆಣಕ್ಕೂ ಈ ಗತಿ ಬರಬಾರದು. ಸೇವೆಯ ಮಾತು ಯಾರೂ ಎತ್ತಲಿಲ್ಲ. ಪಕ್ಕದೂರಿನವರು ಏನನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ. ನನ್ನ ಹೆಸರನ್ನಂತೂ ಯಾರೂ ತೆಗೆಯಲಿಲ್ಲ. ಬದುಕಿರುವವಳು ಬಿಸಿಲಲ್ಲಿ ಕೂತು ಅಂಗಲಾಚಿದಾಗ ಇಲ್ಲದ ಸಿಮೆಂಟು ಹೆಣ ಜಾರಿದ ಕೂಡಲೇ ಹುಟ್ಟಿಕೊಂಡಿತಲ್ಲ, ಎಂಥ ಜನ ಇವರು ಎಂದು ಅಸಹ್ಯಪಟ್ಟೆ. ಆದರೂ, ಹಾಳಾಗಿ ಹೋಗಲಿ, ರ‍್ಯಾಂಪ್ ರ‍್ಯಾಂಪೇ, ಯಾರ ನೆಪದಲ್ಲಾದರೂ ಬರಲಿ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಕಟ್ಟಿದರು. ಪಾದ್ರಿಯಮ್ಮನ ಹೂವಿನ ಪಾತಿ ಕೆಡಬಾರದೆಂದು ಗಿಡ್ಡಕ್ಕೆ, ಕಡಿದಾಗಿ ಕಟ್ಟಿದರು. ದೊಡ್ಡ ಯಜಮಾನನ ನೆನಪಿನ ದಾರಿ ಬರೀ ಸಿಮೆಂಟಿನದಾದರೆ ಮರ್ಯಾದೆಯೇ ಎಂದು ಮೇಲೆ ಟೈಲ್ಸ್ ಅಂಟಿಸಿದರು. ಬಚ್ಚಲಲ್ಲಿ ಹಾಕಿದರೂ ಜನ ಜಾರಿ ಬೀಳುವಂಥ, ಮುಖ ಕಾಣುವಂಥ ಟೈಲ್ಸ್! ಎಲ್ಲರೂ ಬಂದು ನಿಂತು, ಆಹಾ ಎಂದು ಹೋದರು.

ಟೈಲ್ಸ್ ಒಣಗಿದ್ದೇ ತಡ, ನಾನು ಕುರ್ಚಿ ತಳ್ಳಿಕೊಂಡು ಹೋದೆ. ಚರ್ಚಿನ ಉಸ್ತುವಾರಿಯ ಡೀಕನ್ ಎಟುವಾಟಿ, ನನ್ನ ಹತ್ತಿರವೇ ಮಗ್ಗಿ ಕಲಿತವನು, ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ಅಲ್ಲಿ ಹತ್ತಬಾರದು ಎಸೆಟಕ್ಕ."

"ಯಾಕಪ್ಪ, ಇನ್ನೂ ಹಸಿ ಇದ್ಯಾ?"

"ಹಸಿ ಇಲ್ಲ. ಇದು ಸತ್ತವರ ದಾರಿ. ಬದುಕಿರೋರು ಇಲ್ಲಿ ಕಾಲಿಟ್ರೆ ಮನೇಲಿ ಸಾವಾಗುತ್ತೆ."

"ಯಾರೋ ಹೇಳಿದ್ದು?"

"ಹಿಂದಿನಿಂದ ಬಂದಿರೋದು."

"ಯಾವ ಹಿಂದಿನಿಂದಲೋ? ಮೊನ್ನೆ ಮೊನ್ನೆ ಇಲ್ಲಿ ಗೋಡೆ ಇತ್ತಲ್ಲೋ!"

"ವಾದ ಮಾಡ್ಬೇಡಿ ಅಕ್ಕ. ಪದ್ಧತಿ ಅಂದ್ರೆ ಪದ್ಧತಿ. ಯಾರೂ ಕಾಲಿಡಬಾರದು."

"ನಾನೆಲ್ಲಿ ಕಾಲಿಡ್ತೀನಿ? ಗಾಲಿ ಇಡ್ತೀನಿ. ಸರಿಯೋ ಪಕ್ಕಕ್ಕೆ!"

ಅವನು ಸರಿಯಲಿಲ್ಲ. ಅವನ ಬಾಯಿಂದ ಬಿದ್ದ ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು, ಮಾರನೆಯ ದಿನ ಅದಕ್ಕೆ ಕೈಕಾಲು ಮೂಡಿತು. ಟೈಲ್ಸ್ ಅಂಟಿಸಿದವನಿಗೆ ಜ್ವರ ಬಂತಂತೆ. ಯಾರದೋ ಕೋಳಿ ಅದರ ಮೇಲೆ ನಡೆದು ಸತ್ತೇಹೋಯಿತಂತೆ. ನಮ್ಮಜ್ಜಿ ಆಗಲೇ ಹೇಳುತ್ತಿದ್ದಳು ಎಂದು ಒಬ್ಬಳು ಸಾಕ್ಷಿಯನ್ನೂ ನುಡಿದಳು. ಅವಳಜ್ಜಿ ಕಾಲಕ್ಕೆ ಊರಲ್ಲಿದ್ದದ್ದು ಗರಿಯ ಚಪ್ಪರದ ಚರ್ಚ್! ಎರಡು ಹೊತ್ತು ಬೈಬಲ್ ಓದುವ ಜನ, ಒಂದು ಕೋಳಿಗೆ ಹೆದರಿ ನಡುಗಿದರು. ಫಿಲಿಪೋ ಬಂದು ನನ್ನ ಮುಂದೆ ಚಾಪೆಯ ಮೇಲೆ ಕೂತ.

"ಅತ್ತೆ, ಯಾಕೆ ಹಠ? ತಾಯಂದಿರ ಭಾನುವಾರ ಮುಂದಿನ ಬಾಗಿಲಿಂದಾನೇ ಕರ್ಕೊಂಡು ಹೋಗ್ತೀವಿ. ಬಟ್ಟೇನ ಹಗ್ಗದಲ್ಲಿ ಗಟ್ಟಿಯಾಗಿ ಕಟ್ಬಿಡ್ತೀನಿ, ಏನೂ ಕಾಣಲ್ಲ."

"ಹಂದಿ ಕಟ್ದಂಗೆ ಕಟ್ತೀಯೇನೋ?"

"ಅಯ್ಯೋ, ಹಂಗಲ್ಲ ಅತ್ತೆ..."

"ಎದ್ದು ಹೋಗೋ ಆಚೆ!"

ಆ ಭಾನುವಾರ ಬಂತು. ಬಿಳಿ ಪುಲೆತಾಸಿ, ಬಿಳಿ ಟೋಪಿ, ಒಂದೇ ಒಂದು ಬಿಳಿ ಚಪ್ಪಲಿ. ಚರ್ಚಿನ ಗಂಟೆ ಬಾರಿಸುವ ಹೊತ್ತಿಗೆ ನಾನೊಬ್ಬಳೇ ರಸ್ತೆಯಲ್ಲಿ ಕುರ್ಚಿ ತಳ್ಳಿಕೊಂಡು ಹೊರಟೆ. ಮೆಟ್ಟಿಲ ಹತ್ತಿರ ತಿರುಗದೆ ನೇರ ಪಕ್ಕಕ್ಕೆ ಹೋದೆ. ಎಟುವಾಟಿ ಒಳಗೆ ಎಲ್ಲೋ ಇದ್ದ. ಫಿಲಿಪೋ ಮತ್ತವನ ಗೆಳೆಯರು ಓಡಿ ಬಂದರು. ಬಂದವರು ಟೈಲ್ಸಿನ ಅಂಚಿಗೆ ಬರುತ್ತಲೇ ಗಕ್ಕನೆ ನಿಂತರು. ನಾನು ಗಾಲಿ ಹತ್ತಿಸಿದೆ.

ಒಂದಷ್ಟು ದೂರ ಏರಿತು. ಮುಂಜಾನೆ ಬಿದ್ದ ಹನಿಗೆ ಟೈಲ್ಸ್ ಎಣ್ಣೆ ಸವರಿದ ಹಾಗಿತ್ತು. ನಡುವೆ ಬಂದಾಗ ತೋಳು ಸೋತಿತು, ಗಾಲಿ ಹಿಂದಕ್ಕೆ ಜಾರತೊಡಗಿತು. ಬ್ರೇಕ್ ಒತ್ತಿ ಹಿಡಿದೆ. ಅಲ್ಲಿಂದ ಜಾರಿದರೆ ನೇರ ಕಲ್ಲಿನ ಚರಂಡಿಗೆ.

"ಅತ್ತೆ, ಇಳೀರಿ ಅತ್ತೆ! ಕೈ ಮುಗೀತೀನಿ, ಇಳೀರಿ!" ಫಿಲಿಪೋ ಅಂಚಿನಲ್ಲೇ ಕುಣಿಯುತ್ತಿದ್ದ.

"ಬಂದು ಹಿಂದೆ ಹಿಡಿಯೋ ಹಂಗಿದ್ರೆ ಹಿಡಿ. ಇಲ್ಲಾಂದ್ರೆ ಬಾಯಿ ಮುಚ್ಚು."

ಅವನು ಟೈಲ್ಸ್ ನೋಡಿದ, ನನ್ನನ್ನು ನೋಡಿದ. ಬರಲಿಲ್ಲ. ಬೇಡವೆಂದರೂ ಬಿಡದೆ ಎಲ್ಲೆಲ್ಲೋ ಕೈ ಹಾಕಿ ಎತ್ತುತ್ತಿದ್ದ ಗಂಡಸರು, ಬೇಕಾದ ಹೊತ್ತಿನಲ್ಲಿ ಕೈಕಟ್ಟಿ ನಿಂತರು. ಹೆಂಗಸರೂ ಬಂದು ಗುಂಪಾದರು. ಒಬ್ಬಳಾದರೂ ಹೆಜ್ಜೆ ಮುಂದಿಡಲಿಲ್ಲ. ಇವರಿಗಾಗಿಯೇ ನಾನು ಇಷ್ಟು ವರ್ಷ ಗಂಟಲು ಹರಿದುಕೊಂಡೆನೇ ಎನ್ನಿಸಿ ಬಾಯಲ್ಲಿ ಕಹಿ ಉಕ್ಕಿತು.

ಮುಂದಕ್ಕೆ ತಳ್ಳಿ ಏರಲಾಗದ ಕಡೆ ಹಿಂದುಮುಂದಾಗಿ ಏರುವುದು ನನಗೆ ಗೊತ್ತು. ನಮ್ಮ ಅಡುಗೆಮನೆಯ ದಿಬ್ಬ ಹತ್ತುವುದೇ ಹಾಗೆ. ಚಪ್ಪಲಿಯನ್ನು ಕೊಡವಿ ಬಿಸಾಡಿದೆ. ಒಂದು ಬ್ರೇಕ್ ಬಿಟ್ಟು, ಒಂದು ಹಿಡಿದು, ಮೆಲ್ಲಗೆ ಕುರ್ಚಿಯನ್ನು ತಿರುಗಿಸಿದೆ. ಈಗ ಬೆನ್ನು ಬಾಗಿಲಿಗೆ, ಮುಖ ಊರಿಗೆ. ಉಳಿದ ಒಂದೇ ಪಾದವನ್ನು ಬರಿಗಾಲಲ್ಲಿ ಟೈಲ್ಸಿಗೆ ಒತ್ತಿ ಒತ್ತಿ, ಒಂದೊಂದು ಗೇಣು ಹಿಂದಕ್ಕೆ ಸರಿದೆ. ಅಷ್ಟು ಹೊತ್ತೂ ಅವರೆಲ್ಲರ ಮುಖ ನೋಡುತ್ತಲೇ ಇದ್ದೆ. ಕೆಲವರು ಕಣ್ಣು ತಪ್ಪಿಸಿದರು. ಬೆವರು ಟೋಪಿಯಿಂದ ಇಳಿದು ಕಣ್ಣಿಗೆ ಬಿತ್ತು. ಕೊನೆಗೆ ಕುರ್ಚಿಯ ಬೆನ್ನು ಮರಕ್ಕೆ ತಾಗಿತು.

ಬಾಗಿಲಿಗೆ ಒಳಗಿನಿಂದ ಚಿಲಕ. ಮುಷ್ಟಿಯಿಂದ ಗುದ್ದಿದೆ.

"ಆ ಬಾಗಿಲು ಹೆಣಕ್ಕೆ ಮಾತ್ರ ತೆಗಿಯೋದು!" ಒಳಗಿನಿಂದ ಎಟುವಾಟಿಯ ಧ್ವನಿ.

"ಹೆಣಾನೇ ಬಂದಿದೆ ಅಂದ್ಕೊಂಡು ತೆಗಿಯೋ!"

ತೆಗೆಯಲಿಲ್ಲ. ಬದಲಿಗೆ ಹಾಡು ಶುರುವಾಯಿತು. ಪಾದ್ರಿಯಮ್ಮ ಎಂದಿನಂತೆ ತಾರಕಕ್ಕೆ ಎತ್ತಿದ್ದಳು. ಹುಡುಗಿಯರು ಕಿರುಚತೊಡಗಿದರು. ಬಾಗಿಲ ಪಕ್ಕದ ಕಿಟಕಿಯ ಗಾಜಿನ ಪಟ್ಟಿಗಳು ತೆರೆದಿದ್ದವು. ನಾನು ಕುರ್ಚಿ ಓರೆ ಮಾಡಿ, ಕಿಟಕಿಗೆ ಬಾಯಿಟ್ಟು, ನನ್ನ ಶ್ರುತಿಯಲ್ಲಿ ಎತ್ತಿದೆ. ಕಿಟಕಿಯ ಹತ್ತಿರ ನಿಂತಿದ್ದ ಹೆಂಗಸರು ತಟ್ಟನೆ ನನ್ನ ಶ್ರುತಿಗೆ ಇಳಿದರು. ಆಚೆಯವರು ಪಾದ್ರಿಯಮ್ಮನನ್ನು ಬಿಡಲಿಲ್ಲ. ಹಾಡು ಎರಡಾಗಿ ಹರಿದು, ಕೇಳಲಾರದ ಗದ್ದಲವಾಯಿತು, ಆಮೇಲೆ ನಿಂತೇಹೋಯಿತು.

ಚಿಲಕ ಸರಿದ ಸದ್ದಾಯಿತು. ಬಾಗಿಲು ತೆಗೆದವಳು ಲೂಸಿಯಾ.

"ಯಜಮಾನಿ, ಆ ಬಾಗಿಲು..." ಎಂದು ಎಟುವಾಟಿ ಹಿಂದಿನಿಂದ ಶುರುಮಾಡಿದ.

"ಸುಮ್ನಿರೋ ನೀನು."

ಅವಳು ಹೊಸ್ತಿಲು ದಾಟಿ ಹೊರಗೆ ಬಂದು ಟೈಲ್ಸಿನ ಮೇಲೇ ನಿಂತಳು. ಕೆಳಗಿದ್ದ ಗುಂಪಿನಲ್ಲಿ ಯಾರೋ ಅಯ್ಯಯ್ಯೋ ಎಂದರು. ಅವಳು ಅತ್ತ ತಿರುಗಲೂ ಇಲ್ಲ, ನಾನು ಏರಿಬಂದ ಇಳಿಜಾರನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ಬಗ್ಗಿ, ನನಗೆ ಮಾತ್ರ ಕೇಳುವಂತೆ ಕೇಳಿದಳು:

"ತುಂಬಾ ಕಷ್ಟ ಆಯ್ತೇನೇ ಹತ್ತೋಕೆ?"

"ಪ್ರಾಣ ಬಾಯಿಗೆ ಬಂತು ಲೂಸಿಯಕ್ಕ."

ಅವಳು ಕಪ್ಪು ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿದಳು. ಎಡಗಾಲಿಗೆ ಮೀನಖಂಡದವರೆಗೂ ಬ್ಯಾಂಡೇಜು. ಅದರಿಂದ ಹೊರಟ ವಾಸನೆ ಏನೆಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಮಂಗಳವಾರ ತೆಗೀತಾರೆ" ಅಂದಳು. "ಡಾಕ್ಟರು ಯಾವತ್ತೋ ಹೇಳಿದ್ರು. ನೀನು ಸಭೆಗೆ ಬಂದು ಕೇಳಿದ್ಯಲ್ಲ, ಅದಕ್ಕೂ ಮುಂಚೆ."

"ಮಾಲೋಟಾ ಯಜಮಾನ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನಗೆ ಬೇಡ ಅಂದ್ರಾ?"

"ಅವತ್ತು ನಿನ್ನ ಬಟ್ಟೆ ಬಿಚ್ಚಿ ಹೋಯ್ತಲ್ಲ, ಅದನ್ನ ನೋಡಿ ಮನೆಗೆ ಬಂದು ನನಗೆ ಹೇಳಿದ್ರು. 'ಥೂ, ನಿನಗೆ ಆ ಗತಿ ಬೇಡ. ಕಾಲು ತೆಗೆದ ಮೇಲೆ ನೀನು ಚರ್ಚಿಗೆ ಹೋಗ್ಬೇಡ. ಪಾದ್ರಿ ನಮ್ಮನೆಗೇ ಬರ್ತಾರೆ' ಅಂತ."

ಆ ಮನುಷ್ಯನಿಗೂ ಹೊಟ್ಟೆ ತೊಳಸಿತ್ತು! ನನಗೆ ಆದಷ್ಟೇ ಆಗಿತ್ತು. ಆಗಿಯೂ ಬೀಸಣಿಗೆ ಬೀಸಿಕೊಳ್ಳುತ್ತ ನನಗೆ ಸೇವೆಯ ಪಾಠ ಹೇಳಿದ. ಉಗಿಯೋಣವೆಂದರೆ ದೇವರ ಬಾಗಿಲು, ಎದುರಿಗೆ ಅವನ ವಿಧವೆ. ಬಾಯಿಗೆ ಬಂದದ್ದನ್ನು ನುಂಗಿದೆ. ಅದು ಗಂಟಲಲ್ಲಿ ಉರಿಯುತ್ತ ಇಳಿಯಿತು.

"ಪಾದ್ರಿ ಮನೆಗೆ ಬರೋದು ನನಗೆ ಬೇಡ ಎಸೆಟಾ" ಎಂದಳು ಲೂಸಿಯಾ. "ನಾನೂ ಇಲ್ಲಿಗೇ ಬರ್ಬೇಕು. ಇದನ್ನ ಒಡೆಸೋಣ, ಉದ್ದಕ್ಕೆ ಕಟ್ಟಿಸೋಣ. ಹೇಗೆ ಅಂತ ನೀನೇ ಹೇಳು."

"ಮೊದ್ಲು ಈ ಟೈಲ್ಸ್ ಕೀಳಿಸಿ ಅಕ್ಕ."

"ಕೀಳಿಸ್ತೀನಿ. ಈಗ ಒಳಗೆ ಹೋಗು. ನಿನ್ನ ಹುಡುಗೀರು ಕಣ್ಣು ಕಣ್ಣು ಬಿಡ್ತಾ ನಿಂತಿದ್ದಾರೆ."

ಅವಳು ನನ್ನ ಕುರ್ಚಿಯನ್ನು ಮುಟ್ಟಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದಳು, ಅಷ್ಟೆ. ನಾನು ಒಳಗೆ ಹೋದೆ. ಎಟುವಾಟಿ ತಲೆ ತಗ್ಗಿಸಿಕೊಂಡು, ಪದ್ಧತಿ ಗಿದ್ಧತಿ ಎನ್ನದೆ, ಬೆಂಚೊಂದನ್ನು ಸರಿಸಿ ಜಾಗ ಮಾಡಿದ. ಪಾದ್ರಿಯಮ್ಮ ಕೆಂಪಗಾಗಿ ಹೋಗಿ ತನ್ನ ಬೆಂಚಿನಲ್ಲಿ ಕೂತಳು. ನಾನು ಬೆವರು ಒರೆಸಿಕೊಂಡು, ಶ್ರುತಿ ಕೊಟ್ಟು, ಕೈ ಎತ್ತಿದೆ.

ಆ ಹಾಡು ಮುಗಿಯುವವರೆಗೂ ಲೂಸಿಯಾ ಒಳಗೆ ಬರಲಿಲ್ಲ. ಊರೆಲ್ಲ ಕೆಳಗಿನಿಂದ ನೋಡುತ್ತಿದ್ದಂತೆ, ಮಂಗಳವಾರ ಹೋಗಲಿದ್ದ ಆ ಕಾಲನ್ನು ಟೈಲ್ಸಿನ ಮೇಲೆ ಊರಿ, ಬಾಗಿಲು ಹಿಡಿದುಕೊಂಡು ನಿಂತೇ ಇದ್ದಳು.